ಬೊಂಬೆ ಕೂರಿಸುವ ಕಂಪ್ಯೂಟರು

2025ರ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಗೂಗಲ್ ಸಂಸ್ಥೆ ‘ನ್ಯಾನೊ ಬನಾನ’ ಎಂಬ ವಿಚಿತ್ರ ಅಡ್ಡಹೆಸರಿನ ಚಿತ್ರರಚನಾ ವ್ಯವಸ್ಥೆಯೊಂದನ್ನು ಜನಸಾಮಾನ್ಯರ ಕೈಗೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಬೊಂಬೆಗಳು ಕಾಣಿಸಿಕೊಂಡವು. ಕಾಲೇಜಿಗೆ ಹೋಗುವ ಹುಡುಗ, ಬ್ಯಾಂಕಿನಲ್ಲಿ ಕುಳಿತ ಅವನ ಅಪ್ಪ, ಚುನಾವಣೆಗೆ ನಿಂತು ಸೋತವರು, ಗೆದ್ದವರು, ಎಲ್ಲರೂ ಗೇಣುದ್ದದ ಪ್ಲಾಸ್ಟಿಕ್ ಬೊಂಬೆಗಳಾಗಿ, ಕಾಲ ಕೆಳಗೊಂದು ಪಾರದರ್ಶಕ ಪೀಠ, ಹಿಂದೆ ಒಂದು ಬಣ್ಣದ ರಟ್ಟಿನ ಪೆಟ್ಟಿಗೆ ಇರಿಸಿಕೊಂಡು ಮೇಜಿನ ಮೇಲೆ ನಿಂತುಬಿಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಓಪನ್ ಎಐ ಸಂಸ್ಥೆಯ ಚಾಟ್ ಜಿಪಿಟಿಯ ಮೂಲಕ ಇಂಥದೇ ಇನ್ನೊಂದು ಹುಚ್ಚು ಹಬ್ಬಿತ್ತು. ಆಗ ಜನ ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಂದಿಯಾಗಿದ್ದರು.

ಮನುಷ್ಯರು ಬೊಂಬೆಗಳಾದ ಈ ಸಂಭ್ರಮ ಬಂದಷ್ಟೇ ಬೇಗ ತಣ್ಣಗಾಯಿತು. ಆದರೆ ಅದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಬಳಕೆ ಸದ್ದಿಲ್ಲದೆ ನಡೆದಿದೆ. ಬೊಂಬೆಗಳನ್ನು ಕೂಡಿಡುವ ಹವ್ಯಾಸ ಇರುವವರು ತಮ್ಮ ಕಪಾಟಿನಲ್ಲಿ ನಿಜವಾಗಿ ಇರುವ ಬೊಂಬೆಗಳಿಗಾಗಿ ಈ ಯಂತ್ರವನ್ನು ದುಡಿಸುತ್ತಿದ್ದಾರೆ. ಬೊಂಬೆಗೆ ಹೊಸ ಸೀರೆಯನ್ನು ಹೊಲಿಯುವ ಮೊದಲೇ ಯಾವ ಅಂಚು ಒಪ್ಪುತ್ತದೆಂದು ನೋಡಿಕೊಳ್ಳುವುದು, ಬೊಂಬೆಯ ಫೋಟೋಕ್ಕೆ ಹಿನ್ನೆಲೆಯಾಗಿ ಅರಮನೆಯನ್ನೋ ಹಳ್ಳಿಯ ಸಂತೆಯನ್ನೋ ತರಿಸುವುದು, ಕೊಳ್ಳಲು ಸಾಧ್ಯವೇ ಇಲ್ಲದ ಅಪರೂಪದ ಬೊಂಬೆಯನ್ನು ಚಿತ್ರದಲ್ಲಾದರೂ ಪಕ್ಕಕ್ಕೆ ತಂದು ಕೂರಿಸುವುದು, ಹೀಗೆ. ‘ಓದುವ ಹುಡುಗಿ ಮೊಬೈಲು ಹಿಡಿದು ಬೊಂಬೆಯಾಟ ಆಡುತ್ತಾಳೆ’ ಎಂದು ತಾಯಂದಿರು ಬೇಸರಪಡುವುದಕ್ಕೆ ಮೊದಲು ಇದರೊಳಗೆ ಎಷ್ಟು ವಿಜ್ಞಾನವಿದೆ, ಎಷ್ಟು ಕಲೆಯಿದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ನೋಡುವುದು ಒಳ್ಳೆಯದು.

ಬೊಂಬೆ ಸಂಗ್ರಹ ಕನ್ನಡಿಗರಿಗೆ ಹೊರಗಿನಿಂದ ಬಂದ ಹವ್ಯಾಸವಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ನವರಾತ್ರಿ ಎಂದರೆ ಬೊಂಬೆ ಕೂರಿಸುವ ಹಬ್ಬ. ಮೂರು, ಐದು, ಏಳು ಅಥವಾ ಒಂಬತ್ತು ಮೆಟ್ಟಿಲು. ಪ್ರಧಾನ ಸ್ಥಾನದಲ್ಲಿ ಪಟ್ಟದ ಬೊಂಬೆಗಳಾದ ರಾಜ-ರಾಣಿ. ಕೆಳಗೆ ದಿನಸಿ ಅಂಗಡಿಯನ್ನು ಹರಡಿಕೊಂಡು ಕುಳಿತ ಶೆಟ್ಟರು, ಶೆಟ್ಟಮ್ಮ. ಸಂಜೆಯಾದರೆ ಓಣಿಯ ಮಕ್ಕಳು ‘ಬೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಮನೆಮನೆಗೆ ಹೋಗಿ ಚರುಪು ಪಡೆದು ಬರುವುದು ವಾಡಿಕೆ. ಮೈಸೂರು ಅರಮನೆಯಲ್ಲಿ ಗೊಂಬೆತೊಟ್ಟಿ ಎಂಬ ಭಾಗವೇ ಇದೆ. ದೂರದ ಜಪಾನಿನಲ್ಲಿ ಮಾರ್ಚ್ 3ರಂದು ನಡೆಯುವ ‘ಹಿನಾಮತ್ಸುರಿ’ ಹಬ್ಬವೂ ನಮ್ಮ ಹಬ್ಬದ ತಂಗಿಯಂತಿದೆ. ಅಲ್ಲಿಯೂ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು, ಮೇಲೆ ಚಕ್ರವರ್ತಿ ಮತ್ತು ಮಹಾರಾಣಿ; ಪೂರ್ಣ ಜೋಡಣೆಯಲ್ಲಿ 7 ಮೆಟ್ಟಿಲು, 15 ಬೊಂಬೆಗಳು. ದೆಹಲಿಯ ಅಂತರರಾಷ್ಟ್ರೀಯ ಬೊಂಬೆ ಸಂಗ್ರಹಾಲಯವಂತೂ ಒಬ್ಬರ ಹವ್ಯಾಸದಿಂದಲೇ ಹುಟ್ಟಿದ್ದು. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆ ಅವರಿಗೆ ಹಂಗೆರಿಯ ರಾಯಭಾರಿ ಒಂದು ಬೊಂಬೆ ಕೊಟ್ಟರು, ಅದು ಮಕ್ಕಳ ಸ್ಪರ್ಧೆಯೊಂದರ ಬಹುಮಾನಕ್ಕೆಂದು ಬಂದದ್ದು. ಅಲ್ಲಿಂದ ಹತ್ತಿದ ಗೀಳು 1965ರಲ್ಲಿ ಸಂಗ್ರಹಾಲಯವಾಗಿ ತೆರೆದುಕೊಂಡಿತು.

ಇನ್ನು ಯಂತ್ರದ ಕಡೆಗೆ ಬರೋಣ. ‘ಮೈಸೂರಿನ ಪಟ್ಟದ ಬೊಂಬೆ, ಹಸಿರು ರೇಷ್ಮೆ, ದೀಪದ ಬೆಳಕು’ ಎಂದು ಬರೆದರೆ ಅರ್ಧ ನಿಮಿಷದಲ್ಲಿ ಚಿತ್ರ ಬರುತ್ತದಲ್ಲ, ಅದು ಎಲ್ಲಿಂದ ಬರುತ್ತದೆ? ಹೆಚ್ಚಿನವರ ನಂಬಿಕೆ ಎಂದರೆ ಕಂಪ್ಯೂಟರು ಎಲ್ಲೋ ಇರುವ ಫೋಟೋಗಳನ್ನು ಹುಡುಕಿ, ಕತ್ತರಿಸಿ, ಅಂಟಿಸಿ ಕೊಡುತ್ತದೆ ಎಂದು. ಇದು ಸರಿಯಲ್ಲ.

ಮನೆಗೆ ಮೊದಲ ಟಿ.ವಿ. ಬಂದ ಕಾಲ ನೆನಪಿರುವವರಿಗೆ, ಆಂಟೆನಾ ಗಾಳಿಗೆ ತಿರುಗಿಬಿಟ್ಟಾಗ ಪರದೆಯ ತುಂಬ ಕುಣಿಯುತ್ತಿದ್ದ ಕಪ್ಪು-ಬಿಳಿ ಚುಕ್ಕಿಗಳೂ ನೆನಪಿರಬೇಕು. ಯಾರಾದರೊಬ್ಬರು ಮಹಡಿ ಹತ್ತಿ ಆಂಟೆನಾ ತಿರುಗಿಸಿದಂತೆ ಚುಕ್ಕಿಗಳ ನಡುವಿನಿಂದ ವಾರ್ತೆ ಓದುವವರ ಮುಖ ಮೆಲ್ಲಗೆ ಮೂಡಿಬರುತ್ತಿತ್ತು. ಇಂದಿನ ಅನೇಕ ಚಿತ್ರಯಂತ್ರಗಳು ಮಾಡುವುದೂ ಇಂಥದನ್ನೇ. ಮೊದಲು ಅರ್ಥವಿಲ್ಲದ ಚುಕ್ಕಿಗಳ ಗದ್ದಲ. ಅದರಿಂದ ಸ್ವಲ್ಪ ಗದ್ದಲವನ್ನು ತೆಗೆದರೆ ಏನು ಉಳಿದೀತು ಎಂದು ಯಂತ್ರ ಊಹಿಸುತ್ತದೆ. ಉಳಿದದ್ದರಿಂದ ಮತ್ತೆ ಸ್ವಲ್ಪ ತೆಗೆಯುತ್ತದೆ. ಹೀಗೆ ಹತ್ತಾರು ಹೆಜ್ಜೆ ನಡೆದಾಗ ಚುಕ್ಕಿಗಳ ಜಾಗದಲ್ಲಿ ಬೊಂಬೆ ನಿಂತಿರುತ್ತದೆ. ವ್ಯತ್ಯಾಸ ಇಷ್ಟೆ: ಟಿ.ವಿ.ಯಲ್ಲಿ ನಿಜವಾಗಿಯೂ ಒಂದು ಮುಖವಿತ್ತು, ಗದ್ದಲ ಅದನ್ನು ಮುಚ್ಚಿತ್ತು. ಇಲ್ಲಿ ಗದ್ದಲದ ಹಿಂದೆ ಯಾರೂ ಇಲ್ಲ!

ಯಾರೂ ಇಲ್ಲದ ಕಡೆ ಬೊಂಬೆಯನ್ನು ಕಾಣಲು ಯಂತ್ರ ಕಲಿತದ್ದು ಹೇಗೆ? ಉಲ್ಟಾ ದಾರಿಯಲ್ಲಿ. ತರಬೇತಿಯ ಕಾಲದಲ್ಲಿ ಅದಕ್ಕೆ ಒಂದು ಒಳ್ಳೆಯ ಚಿತ್ರವನ್ನೂ ಅದರ ಜೊತೆಗಿರುವ ವಿವರಣೆಯನ್ನೂ ಕೊಟ್ಟು, ಚಿತ್ರದ ಮೇಲೆ ಬೇಕೆಂದೇ ಚುಕ್ಕಿಗಳನ್ನು ಎರಚುತ್ತಾರೆ. ‘ಎರಚಿದ ಚುಕ್ಕಿ ಯಾವುದು ಹೇಳು’ ಎಂದು ಕೇಳುತ್ತಾರೆ. ತಪ್ಪಿದರೆ ಒಳಗಿನ ಅಂಕಿಗಳನ್ನು ಕೂದಲೆಳೆಯಷ್ಟು ತಿದ್ದುತ್ತಾರೆ. ಕೋಟಿ ಕೋಟಿ ಸಲ ಇದನ್ನು ಮಾಡುತ್ತಾರೆ. ನೀರಿಗೆ ಬಿದ್ದ ಶಾಯಿಯ ಹನಿ ತಾನಾಗಿ ಹರಡಿಕೊಳ್ಳುವುದನ್ನು ಪಾಠದಲ್ಲಿ ‘ವಿಸರಣೆ’ ಎಂದು ಓದಿದ್ದೇವೆ, ಇಂಗ್ಲಿಷಿನ ‘ಡಿಫ್ಯೂಷನ್’. ಹರಡಿದ ಶಾಯಿ ಮತ್ತೆ ಹನಿಯಾಗುವುದನ್ನು ಯಾರೂ ಕಂಡಿಲ್ಲ. ಆದರೆ ಪ್ರತಿಯೊಂದು ಸಣ್ಣ ಹೆಜ್ಜೆಯನ್ನೂ ಹಿಂದಕ್ಕೆ ಊಹಿಸಲು ಕಂಪ್ಯೂಟರಿಗೆ ಕಲಿಸಬಹುದಲ್ಲವೇ ಎಂಬ ಯೋಚನೆಯನ್ನು 2015ರಲ್ಲಿ ಅಮೆರಿಕದ ಸಂಶೋಧಕರು ಉಷ್ಣಗತಿವಿಜ್ಞಾನದಿಂದಲೇ ಎರವಲು ತಂದರು. 2020ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಸಾವಿರ ಹೆಜ್ಜೆಗಳ ವಿಧಾನದಿಂದ ಅಚ್ಚುಕಟ್ಟಾದ ಚಿತ್ರಗಳನ್ನು ತೆಗೆದು ತೋರಿಸಿದರು. 2022ರ ಆಗಸ್ಟ್‌ನಲ್ಲಿ ಬಂದ ‘ಸ್ಟೇಬಲ್ ಡಿಫ್ಯೂಷನ್’ ಇದನ್ನು ಮನೆಯ ಕಂಪ್ಯೂಟರಿನಲ್ಲೂ ನಡೆಯುವಂತೆ ಮಾಡಿತು.

ಇದರಲ್ಲಿ ಒಂದು ಜಾಣ ಉಪಾಯವಿದೆ, ಲೆಕ್ಕ ಇಷ್ಟಪಡುವ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿಗಳ ಬಣ್ಣದ ಚಿತ್ರದಲ್ಲಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಗುಣಿಸಿದರೆ 7,86,432. ಇಷ್ಟನ್ನೂ ಪ್ರತಿ ಹೆಜ್ಜೆಯಲ್ಲಿ ತಿದ್ದುತ್ತ ಕುಳಿತರೆ ಬೆಳಗಾಗುತ್ತದೆ. ಆದ್ದರಿಂದ ಚಿತ್ರವನ್ನು ಮೊದಲು 64 × 64 × 4ರ ಒಂದು ಸಾರಾಂಶವಾಗಿ, ಅಂದರೆ 16,384 ಅಂಕಿಗಳಾಗಿ, ಹಿಂಡುತ್ತಾರೆ. ಕೆಲಸ 48 ಪಟ್ಟು ಇಳಿಯಿತು. ಗದ್ದಲ ತೆಗೆಯುವ ಕೆಲಸವೆಲ್ಲ ಈ ಸಾರಾಂಶದಲ್ಲೇ ಮುಗಿದು, ಕಡೆಗೆ ಅದನ್ನು ಪೂರ್ಣ ಚಿತ್ರವಾಗಿ ಬಿಡಿಸುತ್ತಾರೆ. ತಮ್ಮ ಟಿಪ್ಪಣಿಯನ್ನು ಒಂದು ಪುಟಕ್ಕೆ ಇಳಿಸಿಕೊಂಡು ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ಹೊಸದಲ್ಲ.

ಇನ್ನೂ ಒಂದು ಲೆಕ್ಕ. ಈ ವ್ಯವಸ್ಥೆಯ ಮೊದಲ ಆವೃತ್ತಿ ಕಲಿತದ್ದು ಸುಮಾರು 200 ಕೋಟಿಗೂ ಹೆಚ್ಚು ಚಿತ್ರಗಳಿರುವ ಸಂಗ್ರಹದಿಂದ. ಕಲಿತು ಮುಗಿದ ಮೇಲೆ ಉಳಿದ ಕಡತದ ಗಾತ್ರ ಸುಮಾರು 4 ಗಿಗಾಬೈಟ್, ಅಂದರೆ 400 ಕೋಟಿ ಬೈಟ್. ಒಂದು ಚಿತ್ರದ ಪಾಲಿಗೆ ಬಂದದ್ದು ಎರಡು ಬೈಟ್ ಮಾತ್ರ. ಕಂಪ್ಯೂಟರಿನಲ್ಲಿ ‘ಕ’ ಎಂದು ಒಂದೇ ಒಂದು ಕನ್ನಡ ಅಕ್ಷರವನ್ನು ಯೂನಿಕೋಡ್‌ನ ರೂಢಿಯ ವಿಧಾನದಲ್ಲಿ ಬರೆದಿಟ್ಟರೆ ಮೂರು ಬೈಟ್ ಬೇಕು! ಚಿತ್ರಗಳನ್ನು ಒಳಗೆ ಹಾಗೆಯೇ ತುಂಬಿಟ್ಟುಕೊಂಡಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಡ. ಹಾಗೆಂದು ಯಂತ್ರ ಪೂರ್ತಿ ನಿರಪರಾಧಿಯೂ ಅಲ್ಲ. ತರಬೇತಿಯಲ್ಲಿ ಮತ್ತೆ ಮತ್ತೆ ಬಂದ ಕೆಲವು ಚಿತ್ರಗಳನ್ನು ಅದು ಬಾಯಿಪಾಠ ಮಾಡಿಕೊಂಡು ಹೆಚ್ಚುಕಡಿಮೆ ಹಾಗೆಯೇ ಒಪ್ಪಿಸಿದ್ದನ್ನು 2023ರಲ್ಲಿ ಸಂಶೋಧಕರು ಹಿಡಿದು ತೋರಿಸಿದರು. ತಮ್ಮ ಕೃತಿಗಳನ್ನು ಕೇಳದೆ ಬಳಸಿದರೆಂದು ಕಲಾವಿದರು ಹೂಡಿದ ದಾವೆಗಳೂ ಇವೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಈ ಎರಡು ಬೈಟಿನ ಲೆಕ್ಕ ಬೊಂಬೆ ಸಂಗ್ರಹಕಾರರಿಗೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಯಂತ್ರದ ತಲೆಯಲ್ಲಿ ಉಳಿಯುವುದು ಹೆಚ್ಚು ಸಲ ಕಂಡದ್ದು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮೊದಲು ಕಾಣಿಸಿಕೊಂಡ, ಹನ್ನೊಂದೂವರೆ ಅಂಗುಲದ ಬಾರ್ಬಿ ಬೊಂಬೆಯ ಫೋಟೋಗಳು ಅಂತರಜಾಲದಲ್ಲಿ ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ಬಾರ್ಬಿಯನ್ನು ಕೇಳಿದರೆ ಯಂತ್ರ ಕಣ್ಣು ಮುಚ್ಚಿಕೊಂಡು ಬರೆಯುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಯನ್ನು ಕೇಳಿದರೆ ತಡವರಿಸುತ್ತದೆ. ಪಟ್ಟದ ಬೊಂಬೆ ಕೇಳಿದರೆ ರಾಜಸ್ಥಾನದ ಸೂತ್ರದ ಬೊಂಬೆಯನ್ನೋ ಇಂಗ್ಲೆಂಡಿನ ಕಿರೀಟ ಧರಿಸಿದ ಮಹಾರಾಣಿಯನ್ನೋ ತಂದು ನಿಲ್ಲಿಸಿದರೂ ಆಶ್ಚರ್ಯವಿಲ್ಲ. ಅದು ಸುಳ್ಳು ಹೇಳುತ್ತಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿರುವ ಉತ್ತರ ಬರೆದು ಪುಟ ತುಂಬಿಸುವ ವಿದ್ಯಾರ್ಥಿಯ ಹಾಗೆ ನಡೆದುಕೊಳ್ಳುತ್ತದೆ, ಅಷ್ಟೆ.

ಇಲ್ಲಿಯೇ ಈ ಹವ್ಯಾಸದ ನಿಜವಾದ ಸೊಗಸು ಇರುವುದು. ಯಂತ್ರ ತಪ್ಪು ಮಾಡಿದೆ ಎಂದು ಗುರುತಿಸಬೇಕಾದರೆ ಬೊಂಬೆಯನ್ನು ಹೇಗೆ ಮಾಡುತ್ತಾರೆಂದು ಹುಡುಗಿಗೋ ಹುಡುಗನಿಗೋ ಗೊತ್ತಿರಬೇಕು.

ಚನ್ನಪಟ್ಟಣದ ಬೊಂಬೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ 60 ಕಿಲೋಮೀಟರಿಗೆ ಸಿಗುವ ಊರು. ಇಲ್ಲಿಯ ಆಟಿಕೆಗಳಿಗೆ 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೆಳ್ಳಗೆ ಮೃದುವಾಗಿರುವ ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿಸಿ ಕಡೆಯುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಒಲೆ ಇಲ್ಲ, ಕುಂಚ ಇಲ್ಲ. ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಕೇದಗೆ ಜಾತಿಯ ಒಣ ಎಲೆಯನ್ನು ಒತ್ತಿ ಹಿಡಿದರೆ ಕನ್ನಡಿಯ ಹೊಳಪು. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಪುಸ್ತಕಗಳಲ್ಲಿ ಸಿಗುವುದು ಕಡಿಮೆ, ಆದರೂ ಪುಸ್ತಕ ಬರೆಯುವವರಿಗೆ ಅಂಗೈ ಉಜ್ಜುವುದೇ ಯಾಕೋ ಇಷ್ಟ.

ಲೇತ್‌ನಲ್ಲಿ ತಿರುಗಿ ಬಂದ ವಸ್ತುವಿಗೆ ಒಂದು ಗುಣ ತಪ್ಪದೆ ಇರುತ್ತದೆ. ಅಚ್ಚಿಗೆ ಅಡ್ಡಲಾಗಿ ಎಲ್ಲಿ ಕತ್ತರಿಸಿದರೂ ವೃತ್ತವೇ ಸಿಗಬೇಕು. ಗಣಿತದಲ್ಲಿ ಇದಕ್ಕೆ ಆವರ್ತನ ಸಮಮಿತಿ ಎನ್ನುತ್ತಾರೆ. ಬೊಂಬೆಯ ತಲೆ, ಮೈ, ಕೈ ಬೇರೆಬೇರೆ ತುಂಡುಗಳಾಗಿರಬಹುದು, ಕಡೆದಾದ ಮೇಲೆ ಅಲ್ಲಲ್ಲಿ ಚಪ್ಪಟೆ ಮಾಡಿರಬಹುದು. ಆದರೂ ಪ್ರತಿ ತುಂಡಿನ ಮೂಲದಲ್ಲಿ ಈ ದುಂಡಗಿನ ಗುಟ್ಟು ಇದ್ದೇ ಇರುತ್ತದೆ. ಈಗ ಯಂತ್ರ ಬರೆದ ‘ಚನ್ನಪಟ್ಟಣದ ಬೊಂಬೆ’ಯನ್ನು ನೋಡಿ. ಭುಜ ಮನುಷ್ಯರ ಭುಜದಂತೆ ಇಳಿದಿದೆಯೇ? ಸೀರೆಯ ನಿರಿಗೆ ಮರದಲ್ಲೇ ಕೆತ್ತಿದಂತಿದೆಯೇ? ಮೂಗು ಮುಂದಕ್ಕೆ ಚಾಚಿದೆಯೇ? ಹಾಗಿದ್ದರೆ ಅದು ಲೇತ್‌ನಿಂದ ಬರಲಾರದು. ಯಂತ್ರ ಬಣ್ಣವನ್ನು ಸರಿಯಾಗಿ ಕಲಿತಿದೆ, ಕೆಲಸವನ್ನು ಕಲಿತಿಲ್ಲ.

ಹೊಳಪನ್ನೂ ಪರೀಕ್ಷಿಸಬಹುದು. ಒಂದೇ ಬಲ್ಬಿನ ಬೆಳಕು ಬಿದ್ದಾಗ ಚೆಂಡಿನಂಥ ತಲೆಯ ಮೇಲೆ ಹೊಳೆಯುವ ಚುಕ್ಕೆ ಕಾಣುತ್ತದೆ. ಸಿಲಿಂಡರಿನಂಥ ಮೈಮೇಲೆ ಅದೇ ಹೊಳಪು ಉದ್ದನೆಯ ಗೆರೆಯಾಗುತ್ತದೆ. ಮನೆಯ ಸ್ಟೀಲಿನ ಲೋಟವನ್ನೂ ಒಂದು ಗೋಲಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಯಂತ್ರದ ಚಿತ್ರದಲ್ಲಿ ತಲೆಯ ಹೊಳಪು ಎಡದಿಂದ, ಮೈಯ ಹೊಳಪು ಬಲದಿಂದ ಬಂದಿದ್ದರೆ ಅಲ್ಲಿ ಎರಡು ಸೂರ್ಯರಿದ್ದಾರೆ ಎಂದರ್ಥ. ನೆರಳುಗಳನ್ನೂ ಹೀಗೆಯೇ ಹಿಡಿಯಬಹುದು. ಮೆಟ್ಟಿಲುಗಳನ್ನು ಎಣಿಸಿ: ಎಡಗಡೆಯಿಂದ ಎಣಿಸಿದರೆ ಏಳು, ಬಲಗಡೆಯಿಂದ ಎಂಟು ಆಗುವುದುಂಟು. ಯಂತ್ರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದರಿಂದ ಬೆರಳು ಎಣಿಸುವ ಹಳೆಯ ಪರೀಕ್ಷೆ ಈಗ ಸಾಲದು. ಬೆಳಕು ಮತ್ತು ಸಮಮಿತಿಯ ಪರೀಕ್ಷೆ ಇನ್ನೂ ಕೆಲಸಕ್ಕೆ ಬರುತ್ತದೆ.

ಕಿನ್ನಾಳದ ಬೊಂಬೆಗೆ ಈ ಲೇತ್‌ನ ಪರೀಕ್ಷೆಯನ್ನು ಹಚ್ಚಬಾರದು. ಅಲ್ಲಿಯ ಚಿತ್ರಗಾರರು ಹಗುರವಾದ ಪೊಳಕಿ ಮರದ ತುಂಡುಗಳನ್ನು ಹುಣಸೆ ಬೀಜದ ಸರಿಯಿಂದ ಜೋಡಿಸಿ, ಸೆಣಬಿನ ಚೂರುಗಳಿಂದ ಮಾಡಿದ ‘ಕಿಟ್ಟ’ವನ್ನು ಮೆತ್ತಿ ಮೈ ತಿದ್ದುತ್ತಾರೆ. ಅಲ್ಲಿ ಭುಜವೂ ಇಳಿಯಬಹುದು, ನಿರಿಗೆಯೂ ಬರಬಹುದು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೈಸೂರಿನ ಹಳೆಯ ಬಡಾವಣೆಯ ಮನೆ, ಒಂಬತ್ತನೇ ತರಗತಿಯ ಹುಡುಗಿ. ಅಜ್ಜಿಗೆ ಮದುವೆಯಲ್ಲಿ ತವರಿನವರು ಕೊಟ್ಟ ರಕ್ತಚಂದನದ ರಾಜ-ರಾಣಿಯರಲ್ಲಿ ರಾಣಿ ಯಾವಾಗಲೋ ಮನೆ ಬದಲಿಸುವ ಗಡಿಬಿಡಿಯಲ್ಲಿ ಕಳೆದುಹೋಗಿದ್ದಾಳೆ. ಅಂದಿನಿಂದ ಪಟ್ಟದ ಮೆಟ್ಟಿಲಲ್ಲಿ ರಾಜ ಒಂಟಿ. ಪಕ್ಕದಲ್ಲಿ ಒಂದು ಕಳಶವಿಟ್ಟು ಜಾಗ ತುಂಬಿಸುತ್ತಾರೆ. ಫೋಟೋ ಒಂದೂ ಇಲ್ಲ. ಹುಡುಗಿ ರಾಜನ ಫೋಟೋ ತೆಗೆದು ‘ಇವನ ಜೋಡಿಯನ್ನು ಬರೆ’ ಎಂದು ಯಂತ್ರಕ್ಕೆ ಹೇಳುತ್ತಾಳೆ. ಬಂದ ರಾಣಿ ಸಿನಿಮಾ ನಟಿಯಂತಿದ್ದಾಳೆ.

‘ಅಜ್ಜಿ, ಹೀಗಿದ್ದಳಾ?’

‘ಅಯ್ಯೋ ಇಲ್ಲ ಕಣೇ ಪುಟ್ಟಿ. ಇವಳು ನಗ್ತಿದಾಳೆ. ನಮ್ಮ ರಾಣಿ ನಗ್ತಿರಲಿಲ್ಲ. ಕಣ್ಣು ಇಷ್ಟಗಲ, ನೆಟ್ಟಗೆ ನೋಡ್ತಿದ್ಲು.’

ಹುಡುಗಿ ಸೂಚನೆಯನ್ನು ತಿದ್ದುತ್ತಾಳೆ: ನಗುವಿಲ್ಲ, ಅಗಲ ಕಣ್ಣು, ನೇರ ನೋಟ. ಮತ್ತೊಂದು ಚಿತ್ರ. ‘ಕೈ ಹೀಗೆ ಎತ್ತಿರಲಿಲ್ಲ, ಮೈಗೆ ಅಂಟಿಕೊಂಡಿತ್ತು. ಒಂದೇ ಮರದಲ್ಲಿ ಕೆತ್ತಿದ್ದು ಅಲ್ವೇ, ಎತ್ತಿದ ಕೈ ಎಲ್ಲಿಂದ ಬರ್ಬೇಕು?’ ಎನ್ನುತ್ತಾರೆ ಅಜ್ಜಿ. ಮತ್ತೊಂದು. ಮೂಗುಬೊಟ್ಟು ಎಡಕ್ಕೋ ಬಲಕ್ಕೋ ಎಂಬುದರ ಮೇಲೆ ದೊಡ್ಡತ್ತೆಗೆ ಫೋನು ಹೋಗುತ್ತದೆ. ನಲವತ್ತನೆಯ ಚಿತ್ರದ ಹೊತ್ತಿಗೆ ಅಜ್ಜಿ ‘ಹೂಂ, ಇವಳು ಅವಳ ತಂಗಿ ಇರಬಹುದು’ ಎನ್ನುತ್ತಾರೆ. ಅಷ್ಟರಲ್ಲಿ ಹುಡುಗಿಯ ನೋಟುಪುಸ್ತಕದಲ್ಲಿ ಒಂದು ಪುಟ ತುಂಬಿದೆ: ಎತ್ತರ ಒಂದು ಗೇಣು ಎರಡು ಬೆರಳು, ಪೀಠ ಚೌಕ, ಕೂದಲಿಗೆ ಕಪ್ಪು ಬಣ್ಣ, ಉಳಿದ ಮೈ ಮರದ್ದೇ ಬಣ್ಣ, ಸೀರೆಯನ್ನು ಪ್ರತಿ ವರ್ಷ ಹಳೆಯ ಜರಿಯಂಚಿನಲ್ಲಿ ಉಡಿಸುವುದು. ಈ ಮನೆಯಲ್ಲಿ ಯಾರೂ ಇದುವರೆಗೆ ಬರೆದಿಡದ ಮಾತುಗಳು ಇವು. ನಲವತ್ತು ಚಿತ್ರಗಳಿಗಿಂತ ಈ ಒಂದು ಪುಟದ ಬೆಲೆ ಹೆಚ್ಚು ಎಂದರೆ ಯಂತ್ರದವರು ಬೇಸರಪಡಬಾರದು.

ಮುಂದೆ ಅಪ್ಪ, ‘ಚಿತ್ರ ತೋರಿಸಿ ಮಾಡಿಸಿಬಿಡೋಣ’ ಎಂದು ಮರಗೆಲಸದವರ ಬಳಿಗೆ ಕರೆದುಕೊಂಡು ಹೋದರೆನ್ನಿ. ರಕ್ತಚಂದನವನ್ನು ಕಡಿಯುವುದಕ್ಕೂ ಮಾರುವುದಕ್ಕೂ ಕಾನೂನಿನ ಕಟ್ಟುಪಾಡುಗಳಿವೆ, ಆದ್ದರಿಂದ ಶಿವನೆ ಮರದಲ್ಲಾಗಲಿ ಎಂದು ಒಪ್ಪಂದವಾಗುತ್ತದೆ. ಆದರೆ ಆತ ಕೇಳುವ ಮೊದಲ ಪ್ರಶ್ನೆ, ‘ಬೆನ್ನು ಹೇಗಿದೆಯಮ್ಮಾ?’ ಚಿತ್ರಕ್ಕೆ ಬೆನ್ನಿಲ್ಲ! ಯಂತ್ರ ಕೊಟ್ಟದ್ದು ಉದ್ದ-ಅಗಲ ಮಾತ್ರ, ದಪ್ಪವಲ್ಲ. ಈಗ ಹುಡುಗಿ ಚೌಕುಳಿ ಕಾಗದದ ಮೇಲೆ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ನೋಟಗಳನ್ನು ಅಳತೆಗೆ ಸರಿಯಾಗಿ ಬರೆಯಬೇಕು. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಹಲವರ ಬೆವರಿಳಿಸುವ ರೇಖಾಚಿತ್ರದ ಪಾಠ ಇದೇ. ರಾಣಿಗೆ ಜಡೆಯಿತ್ತೋ ತುರುಬೋ ಎಂಬುದು ಮನೆಗೆ ಬಂದವರಾರಿಗೂ ಗೊತ್ತಿರಲು ಸಾಧ್ಯವಿಲ್ಲ, ಅವರು ಕಂಡದ್ದು ಮುಖವನ್ನು. ಪ್ರತಿ ವರ್ಷ ಅವಳಿಗೆ ಸೀರೆ ಉಡಿಸಿದ ಅಜ್ಜಿಗೆ ಮಾತ್ರ ಗೊತ್ತು. ಬಡಗಿಯ ಪ್ರಶ್ನೆ ಬರದಿದ್ದರೆ ಅದನ್ನು ಅವರೂ ಹೇಳುತ್ತಿರಲಿಲ್ಲ.

ಕಳೆದುಹೋದ ಬೊಂಬೆ ಎಲ್ಲರ ಮನೆಯಲ್ಲೂ ಇರಬೇಕೆಂದಿಲ್ಲ. ಇರುವ ಬೊಂಬೆಗಳ ಸುತ್ತ ಕಥೆ ಕಟ್ಟಲೂ ಈ ಯಂತ್ರ ಒದಗುತ್ತದೆ. ಶೆಟ್ಟರ ಅಂಗಡಿ ಮಳೆಗಾಲದಲ್ಲಿ ಹೇಗಿರುತ್ತದೆ? ದಸರೆಯ ಬೊಂಬೆ ಆನೆ ಲಷ್ಕರಿಗೆ ಹೆದರಿ ಓಡಿದರೆ? ಇಲ್ಲಿ ಸೂಚನೆಯನ್ನು ಬರೆಯುವ ರೀತಿಯೇ ಒಂದು ಕಲೆ. ‘ಸುಂದರವಾದ ಬೊಂಬೆ’ ಎಂದು ಬರೆದರೆ ಎಲ್ಲರಿಗೂ ಬರುವ ಬೊಂಬೆಯೇ ಬರುತ್ತದೆ. ಯಾವ ವಸ್ತುವಿನದು, ಎಷ್ಟು ಹಳೆಯದು, ಬೆಳಕು ಯಾವ ಕಡೆಯಿಂದ, ನೋಡುವವರು ಎಷ್ಟು ಎತ್ತರದಲ್ಲಿ ನಿಂತಿದ್ದಾರೆ ಎಂದು ಬರೆದಂತೆಲ್ಲ ಚಿತ್ರ ತನ್ನದಾಗುತ್ತದೆ. ವಿಶೇಷಣಗಳಿಗಿಂತ ನಾಮಪದಗಳು ಹೆಚ್ಚು ಕೆಲಸ ಮಾಡುತ್ತವೆ. ಕನ್ನಡ ಪ್ರಬಂಧಕ್ಕೂ ಇದು ಅನ್ವಯಿಸೀತು. ಆರಂಭದ ಯಂತ್ರಗಳು ಬಹುಪಾಲು ಇಂಗ್ಲಿಷ್ ವಿವರಣೆಗಳಿಂದಲೇ ಕಲಿತಿದ್ದವು, ಈಗಿನ ಕೆಲವು ಯಂತ್ರಗಳಿಗೆ ಕನ್ನಡದಲ್ಲೇ ಹೇಳಬಹುದು. ಕೆಲವು ವ್ಯವಸ್ಥೆಗಳಲ್ಲಿ ಆರಂಭದ ಚುಕ್ಕಿಗಳ ಗದ್ದಲಕ್ಕೆ ಒಂದು ಬೀಜಸಂಖ್ಯೆ ಇರುತ್ತದೆ. ಅದೇ ಯಂತ್ರ, ಅದೇ ಸಂಖ್ಯೆ, ಅದೇ ವಾಕ್ಯ ಕೊಟ್ಟರೆ ಅದೇ ಚಿತ್ರ. ವಾಕ್ಯದಲ್ಲಿ ಒಂದೇ ಪದ ಬದಲಿಸಿ ಏನಾಯಿತೆಂದು ನೋಡುವುದು ಪ್ರಯೋಗಶಾಲೆಯಲ್ಲಿ ಒಂದೇ ಚರಾಂಶವನ್ನು ಬದಲಿಸಿದಂತೆ.

ವಿದ್ಯುತ್ತಿನ ಖರ್ಚನ್ನು ಮರೆಯುವಂತಿಲ್ಲ. 2023ರ ಕೊನೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲವು ಚಿತ್ರಯಂತ್ರಗಳನ್ನು ಅಳೆದಾಗ ಸಾವಿರ ಚಿತ್ರಗಳಿಗೆ ಸರಾಸರಿ 2.9 ಯೂನಿಟ್ ವಿದ್ಯುತ್ ಬೇಕಾಯಿತು. ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಬಹಳ. ಆ ಸರಾಸರಿಯನ್ನೇ ಹಿಡಿದರೆ ರಾಣಿಯ ನಲವತ್ತು ಚಿತ್ರಗಳಿಗೆ 116 ವಾಟ್-ಗಂಟೆ, ಅಂದರೆ 9 ವಾಟಿನ ಎಲ್‌ಇಡಿ ಬಲ್ಬು ಸುಮಾರು 13 ಗಂಟೆ ಉರಿದಷ್ಟು. ಒಂದು ಬೊಂಬೆಗೆ ಇದು ದೊಡ್ಡದಲ್ಲ. ಬೇಸರ ಕಳೆಯಲು ಸುಮ್ಮನೆ ಒತ್ತುತ್ತ ಕುಳಿತರೆ ದೊಡ್ಡದು.

ಹೆತ್ತವರು ಗಮನಿಸಬೇಕಾದ್ದು ಬೇರೆ ಇದೆ. ಬೊಂಬೆಗೆ ಮುಖವುಂಟು, ಗುಟ್ಟಿಲ್ಲ. ಅದರ ಫೋಟೋ ಎಲ್ಲಿಗೆ ಹೋದರೂ ಹೆದರಬೇಕಾಗಿಲ್ಲ. ಮಗುವಿನ ಮುಖ ಹಾಗಲ್ಲ. ‘ಬೊಂಬೆಯ ಪಕ್ಕದಲ್ಲಿ ನನ್ನನ್ನೂ ನಿಲ್ಲಿಸು’ ಎಂಬ ಆಸೆ ಸಹಜ, ಆದರೆ ಹಾಗೆ ಕಳಿಸಿದ ಮುಖ ಯಾವ ಕಂಪನಿಯ ಯಾವ ಕಡತದಲ್ಲಿ ಎಷ್ಟು ಕಾಲ ಉಳಿಯುತ್ತದೆಂದು ಅಪ್ಪ ಅಮ್ಮ ಓದಿಕೊಳ್ಳದೆ ಒಪ್ಪಬಾರದು. ಇಂಥ ಸೇವೆಗಳಲ್ಲಿ ಹೆಚ್ಚಿನವು 13 ವರ್ಷಕ್ಕಿಂತ ಚಿಕ್ಕವರಿಗೆ ನೇರ ಪ್ರವೇಶ ಕೊಡುವುದಿಲ್ಲ. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಕರೆಯುತ್ತದೆ. ವಯಸ್ಸು ಸುಳ್ಳು ಹೇಳಿ ಖಾತೆ ತೆರೆಯುವುದಕ್ಕಿಂತ ತಾಯಿಯ ಖಾತೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಮಾಡುವುದು ಸರಿ. ಬೊಂಬೆಯ ಫೋಟೋದ ಹಿನ್ನೆಲೆಯಲ್ಲಿ ಶಾಲೆಯ ಗುರುತಿನ ಚೀಟಿ, ಗೋಡೆಯ ಮೇಲಿನ ವಿಳಾಸವಿರುವ ಕ್ಯಾಲೆಂಡರು ಇಣುಕದಿರಲಿ. ಮೊಬೈಲಿನಲ್ಲಿ ‘ಲೊಕೇಶನ್’ ತೆರೆದಿದ್ದರೆ ಫೋಟೋದ ಕಡತದೊಳಗೆ ಮನೆಯ ಅಕ್ಷಾಂಶ ರೇಖಾಂಶಗಳೂ ಸೇರಿಕೊಂಡಿರಬಹುದು, ಅದನ್ನು ಮೊದಲೇ ಮುಚ್ಚಿಡಬೇಕು.

ಶಾಲೆಯ ಪ್ರದರ್ಶನಕ್ಕೆ ಯಂತ್ರದ ಚಿತ್ರ ತಂದರೆ ಅದರ ಕೆಳಗೆ ಹಾಗೆಂದು ಬರೆಯಲೇಬೇಕು. ಗೂಗಲ್ ಸಂಸ್ಥೆ ತನ್ನ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ‘ಸಿಂಥ್ ಐಡಿ’ ಎಂಬ ಗುರುತನ್ನು ಸೇರಿಸುತ್ತದೆ, ಆದರೆ ಅದನ್ನು ತಪಾಸಿಸಲು ಯಂತ್ರವೇ ಬೇಕು. ಪೆನ್ನಿನಲ್ಲಿ ಬರೆದ ಸಾಲು ಎಲ್ಲರಿಗೂ ಕಾಣುತ್ತದೆ. ದೂರದೂರಿನಿಂದ ಬೊಂಬೆ ತರಿಸಿಕೊಳ್ಳುವ ಸಂಗ್ರಹಕಾರರಿಗೂ ಇದು ಮುಖ್ಯ. ಮಾರಾಟಗಾರರು ತೋರಿಸುವ ‘ಕೈಕೆಲಸದ ಬೊಂಬೆ’ಯ ಚಿತ್ರ ನಿಜವಾದ ಬೊಂಬೆಯದೋ ಅಲ್ಲವೋ ತಿಳಿಯದಿದ್ದರೆ ಬೆನ್ನಿನ ಫೋಟೋ, ಬುಡದ ಫೋಟೋ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದ ಫೋಟೋ ಕೇಳುವುದು ವಾಸಿ. ಚನ್ನಪಟ್ಟಣದ, ಕಿನ್ನಾಳದ ಕುಶಲಕರ್ಮಿಗಳ ಹೆಸರಿನಲ್ಲಿ ಯಂತ್ರದ ಚಿತ್ರ ತೋರಿಸಿ ಕಾರ್ಖಾನೆಯ ಪ್ಲಾಸ್ಟಿಕ್ ಮಾರಿದರೆ ನಷ್ಟ ಕೊಂಡವರಿಗೆ ಒಮ್ಮೆ. ಆ ಕುಶಲಕರ್ಮಿಗಳಿಗೆ ದಿನದಿನವೂ.

ಮಾಡಿ ನೋಡುವ ಮನಸ್ಸಿರುವ ವಿದ್ಯಾರ್ಥಿಗಳು ಈ ರಜೆಯಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಒಂದು ಬೊಂಬೆ ದಫ್ತರ ತೆರೆಯಬಹುದು. ಒಂದು ಬೊಂಬೆಗೆ ಒಂದು ಹಾಳೆ. ಮೇಲೆ ಬೊಂಬೆಯ ನಿಜವಾದ ಫೋಟೋ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎತ್ತರ ಸೆಂಟಿಮೀಟರಿನಲ್ಲಿ, ತೂಕ ಗ್ರಾಮಿನಲ್ಲಿ. ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಯಾವ ವಸ್ತು, ಯಾರು ಕೊಟ್ಟದ್ದು, ಯಾವ ವರ್ಷ, ಎಲ್ಲಿ ಸೀಳಿದೆ. ಕೆಳಗಿನ ಅರ್ಧದಲ್ಲಿ ಯಂತ್ರದಿಂದ ಬರೆಸಿದ ಚಿತ್ರ, ಅದರ ಪಕ್ಕದಲ್ಲಿ ತಾವು ಬರೆದ ಸೂಚನಾವಾಕ್ಯ, ತಾರೀಖು, ಮತ್ತು ಆ ಚಿತ್ರದಲ್ಲಿ ತಾವು ಹಿಡಿದ ತಪ್ಪುಗಳು ಕೆಂಪು ಶಾಯಿಯಲ್ಲಿ. ಉಪ್ಪು ನೀರಿನಲ್ಲೋ ಸೋಪಿನ ನೀರಿನಲ್ಲೋ ಬೊಂಬೆ ಒರೆಸುವುದು ಬೇಡ. ಒಣಬಟ್ಟೆ ಸಾಕು, ಅರಗಿನ ಬಣ್ಣಕ್ಕೆ ಬಿಸಿಲೂ ಆಗದು. ಮಣ್ಣಿನ ಬೊಂಬೆಗಳನ್ನು ತಿರುಗಿ ಪೆಟ್ಟಿಗೆಗೆ ಇಡುವಾಗ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಭಾರದ ಬೊಂಬೆ ಕೆಳಗೆ, ಹಗುರದ್ದು ಮೇಲೆ ಬರುವಂತೆ ಇಡಬೇಕು, ಮತ್ತು ಯಾವ ಪೆಟ್ಟಿಗೆಯಲ್ಲಿ ಯಾರಿದ್ದಾರೆಂಬುದನ್ನು ಮುಚ್ಚಳದ ಮೇಲೆಯೇ ಬರೆದಿಡಬೇಕು.